ಪಟ್ಟಣದ ಜ್ವರ, ಕಿವಿಯೊಳಗಿನ ಜೀರುಂಡೆ

1799ರ ಮೇ 4ರಂದು ಇಂಗ್ಲಿಷರು ಶ್ರೀರಂಗಪಟ್ಟಣ ಗೆದ್ದರು ಅಂತ ನಾವೆಲ್ಲ ಸ್ಕೂಲಲ್ಲಿ ಓದಿದ್ದೇವೆ. ಗೆದ್ದವರು ಅಲ್ಲಿ ಎಷ್ಟು ವರ್ಷ ಬಾಳಿದರು ಅನ್ನೋದನ್ನ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಹತ್ತೇ ವರ್ಷ. 1809ರ ಹೊತ್ತಿಗೆ ದಂಡು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಾಗಿತ್ತು. ಅವರನ್ನು ಓಡಿಸಿದ್ದು ಯಾವ ಸೈನ್ಯವೂ ಅಲ್ಲ, ಚಳಿಜ್ವರ. ಇವತ್ತು ನೀವು ಬ್ರಿಗೇಡ್ ರೋಡಲ್ಲಿ ಒಂದು ಕಪ್ ಕಾಫಿಗೆ ಮುನ್ನೂರು ರೂಪಾಯಿ ಕೊಡ್ತಾ ಇದ್ದೀರಿ ಅಂದರೆ, ಅದರ ಹಿಂದೆ ಪಟ್ಟಣದ ಸೊಳ್ಳೆಗಳ ಕೈವಾಡವೂ ಸ್ವಲ್ಪ ಇದೆ.

ಟಿಪ್ಪುವಿನ ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ. ಅವನು ಬಂದಾಗ ಉಳಿದವರು ಸುಮಾರು 32 ಸಾವಿರ. 1871ರ ಖಾನೇಷುಮಾರಿಗೆ ಬಂದರೆ ಹತ್ತು ಸಾವಿರ ಚಿಲ್ಲರೆ. ಎಲ್ಲವನ್ನೂ ಜ್ವರದ ತಲೆಗೆ ಕಟ್ಟೋದು ಸರಿಯಲ್ಲ. ರಾಜಧಾನಿ ಮೈಸೂರಿಗೆ ಹೋದ ಮೇಲೆ ಪಟ್ಟಣದಲ್ಲಿ ಅನ್ನ ಹುಟ್ಟಿಸೋ ಕೆಲಸವೇ ಇರಲಿಲ್ಲ. ಆದರೂ ಊರು ಬಿಟ್ಟವರು ಮತ್ತೆ ತಿರುಗಿ ನೋಡದಂತೆ ಮಾಡಿದ್ದು ಜ್ವರವೇ. ಸುತ್ತ ಕಾವೇರಿ, ಕೋಟೆಯ ಕಂದಕ, ಜೊತೆಗೆ ನಾಲೆಗಳು. ಕಂಠೀರವ ನರಸರಾಜರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜರ ಹೆಸರಿನ ಸಾಗರ ನಾಲೆ, ವಿರಿಜಾ ನಾಲೆ. ನೀರಿಗೆ ಬರವಿಲ್ಲದ ಊರು. ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅಂತ ಆಗ ಎಲ್ಲರೂ ನಂಬಿದ್ದರು. ಸೊಳ್ಳೆಯ ಹೊಟ್ಟೆಯನ್ನು ಸೀಳಿ ರೊನಾಲ್ಡ್ ರಾಸ್ ಸತ್ಯ ಕಂಡಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ನಾನು ಬರೆಯಹೊರಟಿರೋದು ಜ್ವರದ ಬಗ್ಗೆ ಅಲ್ಲ, ಅದರ ಮದ್ದಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಮದ್ದು ಕಿವಿಗೆ ಮಾಡಿದ ಕಿತಾಪತಿಯ ಬಗ್ಗೆ.

ಸಿಂಕೋನಾ ಮರದ ತೊಗಟೆ ಚಳಿಜ್ವರಕ್ಕೆ ಮದ್ದು ಅನ್ನೋದು ಯುರೋಪಿನವರಿಗೆ ದಕ್ಷಿಣ ಅಮೆರಿಕದಿಂದ ಗೊತ್ತಾಗಿತ್ತು. 1820ರಲ್ಲಿ ಪೆಲ್ಟಿಯೇ, ಕಾವೆಂತು ಎಂಬ ಇಬ್ಬರು ಫ್ರೆಂಚರು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಸಿಂಕೋನಾ ನಮ್ಮ ಪಕ್ಕದ ನೀಲಗಿರಿಗೇ ಬಂತು. ಊಟಿ ದಾರಿಯಲ್ಲಿ ಸಿಗೋ ನಡುವಟ್ಟಂನಲ್ಲಿ ಸರ್ಕಾರದ ತೋಟ, ಕ್ವಿನೈನ್ ಕಾರ್ಖಾನೆ ಎದ್ದವು. 1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಮಾರತೊಡಗಿದರು. ಕಾರ್ಡು, ಕವರು, ಕ್ವಿನೈನು!

ಈ ಪುಡಿ ಜ್ವರ ಇಳಿಸುತ್ತಿತ್ತು, ನಿಜ. ಜೊತೆಗೆ ಕಿವಿಯಲ್ಲಿ ಗುಂಯ್ ಅನ್ನೋ ಸದ್ದನ್ನೂ ತರುತ್ತಿತ್ತು. ಡೋಸ್ ಜಾಸ್ತಿಯಾದರೆ ಕಿವಿಯೇ ಮಂದ. ವೈದ್ಯರು ಇದಕ್ಕೊಂದು ಹೆಸರಿಟ್ಟರು, ಸಿಂಕೋನಿಸಂ ಅಂತ. ತಮಾಷೆ ಅಂದರೆ, ಎಷ್ಟೋ ಡಾಕ್ಟರುಗಳು ಅದನ್ನು ಅಳತೆಗೋಲಿನ ಹಾಗೆ ಬಳಸಿದರು. ರೋಗಿಯ ಕಿವಿ ಗುಂಯ್ ಅಂದಿತಾ? ಹಾಗಾದರೆ ಮದ್ದು ಸಾಕಷ್ಟು ಒಳಗೆ ಹೋಗಿದೆ. ಯಾಕೆ ಗುಂಯ್ ಅನ್ನುತ್ತೆ ಅನ್ನೋದು ಮಾತ್ರ ನೂರೈವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಕಥೆಗೆ ಎರಡನೇ ಅಂಕವೂ ಇದೆ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಅದರಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿ.ಸಿ. ನಾಲೆ, ಹುಲಿಕೆರೆ ಸುರಂಗ ದಾಟಿ ಮಂಡ್ಯದ ಕಡೆ ಹರಿಯಿತು. ರಾಗಿ ತಿನ್ನುತ್ತಿದ್ದ ಊರುಗಳು ಭತ್ತ, ಕಬ್ಬು ಕಂಡವು. ನೀರಿನ ಹಿಂದೆಯೇ ಸೊಳ್ಳೆ, ಸೊಳ್ಳೆಯ ಹಿಂದೆಯೇ ಮಲೇರಿಯಾ. ಈ ಕಾಟ ಹೊಸದೇನಲ್ಲ. 1920ರ ದಶಕದ ಕೊನೆಗೇ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಸರ್ವೆ ಶುರು ಮಾಡಿತ್ತು. ಹಳ್ಳಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ಜ್ವರಗಡ್ಡೆ ಊದಿದೆಯಾ ಅಂತ ನೋಡೋದು ಆಗಿನ ಸರ್ವೆಯ ರೀತಿ.

ನಮ್ಮ ತಾತ ಪಾಂಡವಪುರದ ಕಡೆಯವರು. ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಕರೆದ ಊರು ಅದು, ಹಳೇ ಹೆಸರು ಹಿರೋಡೆ. ಅಜ್ಜಿ ನಾಗಮಂಗಲದ ಒಣ ಸೀಮೆಯವಳು. ನಾಲೆ ಬಯಲಿಗೆ ಹೆಣ್ಣು ಕೊಡೋಕೆ ಅವರಪ್ಪ ಹಿಂದೆ ಮುಂದೆ ನೋಡಿದ್ದನಂತೆ: ಅಕ್ಕಿ ಅನ್ನವೇನೋ ಸಿಗುತ್ತೆ, ಜೊತೆಗೆ ಜ್ವರಾನೂ ಸಿಗುತ್ತಲ್ಲ! ತಾತನಿಗೆ ಹುಡುಗನಾಗಿದ್ದಾಗಿಂದ ಚಳಿಜ್ವರ ವರ್ಷಕ್ಕೆರಡು ಸಲ ನೆಂಟನ ಹಾಗೆ ಬಂದು ಹೋಗುತ್ತಿತ್ತು. "ಆ ಕಹಿ ಮಾತ್ರೆ ನುಂಗುದ್ರೆ ಕಿವೀಲಿ ಜೀರುಂಡೆ ಕೂತ್ಕತದೆ ಕಣ್ಮಗ" ಅನ್ನೋರು. ಎಪ್ಪತ್ತರ ವಯಸ್ಸಿನಲ್ಲಿ ಕಿವಿ ಪೂರ್ತಿ ಮಂದವಾದಾಗಲೂ ಮನೆಯವರೆಲ್ಲ ಕ್ವಿನೈನನ್ನೇ ಬೈದರು. ನನಗೆ ಅದು ಅನುಮಾನ. ಕ್ವಿನೈನಿನ ಗುಂಯ್ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿದ ಮೇಲೆ ಇಳಿದುಹೋಗುತ್ತೆ. ತಾತನ ಕಿವಿ ತಿಂದಿದ್ದು ವಯಸ್ಸು, ಜೊತೆಗೆ ಮೂವತ್ತು ವರ್ಷ ಆಲೆಮನೆಯ ಡೀಸೆಲ್ ಎಂಜಿನ್ ಪಕ್ಕ ನಿಂತಿದ್ದು ಇರಬೇಕು. ಆದರೆ ಜೀರುಂಡೆ ಮಾತ್ರ ಸುಳ್ಳಲ್ಲ.

ಆ ಜೀರುಂಡೆ ಏನು ಅಂತ ತಿಳಿಯೋಕೆ ಕಿವಿಯ ಒಳಗೆ ಹೋಗಬೇಕು. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಾಕ್ಲಿಯಾ ಅಂತ ಒಂದು ಭಾಗ ಇದೆ, ಬಟಾಣಿ ಕಾಳಿನಷ್ಟು. ಅದರೊಳಗೆ ಸಾಲಾಗಿ ನಿಂತ ರೋಮಕೋಶಗಳು. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಇಟಲಿಯ ಅಲ್ಫೊನ್ಸೊ ಕೊರ್ಟಿ 1851ರಲ್ಲೇ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ. ನೋಡಿದ್ದೇನೋ ಆಯಿತು, ಇವಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ಅನ್ನೋದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಹಂಗೇರಿಯ ಗೇಯಾರ್ಗ್ ಫಾನ್ ಬೆಕೆಶಿ 1952ರಲ್ಲಿ ಕಾಕ್ಲಿಯಾದ ನಡುಗಾಲುವೆಯ ದ್ರವಕ್ಕೆ ತಂತಿ ಇಟ್ಟು ಅಳೆದ. ಸದ್ದೇ ಇಲ್ಲದಾಗಲೂ ಅಲ್ಲಿ ಸುಮಾರು 80 ಮಿಲಿವೋಲ್ಟ್ ಧನವಿದ್ಯುತ್ ತುಂಬಿಕೊಂಡು ನಿಂತಿತ್ತು. ಎರಡು ವರ್ಷದ ನಂತರ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ಯಾಥರೀನ್ ಸ್ಮಿತ್ ಮತ್ತು ಸಂಗಡಿಗರು ಗಿನಿಯಿಲಿಯ ಕಿವಿಯಿಂದ ಆ ದ್ರವದ ತೊಟ್ಟು ತೆಗೆದು ಪರೀಕ್ಷಿಸಿದರು. ದೇಹದಲ್ಲಿ ಜೀವಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಇದು ಎಲ್ಲ ಕಡೆ ನಡೆಯೋ ಕಾನೂನು. ಇಲ್ಲಿ ತಿರುವುಮುರುವು. ಮಾಮೂಲಿಗಿಂತ ಸುಮಾರು ಮೂವತ್ತು ಪಟ್ಟು ಪೊಟ್ಯಾಸಿಯಂ.

ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸೋದು ಬಹಳ ಸುಲಭ. ಕನ್ನಂಬಾಡಿ ನೆನಪಿಸಿಕೊಳ್ಳಿ. ಕಾಕ್ಲಿಯಾದ ನಡುಗಾಲುವೆ ಒಂದು ಕಟ್ಟೆ. ನೀರಿನ ಬದಲು ಪೊಟ್ಯಾಸಿಯಂ. ಕಾಲುವೆಯ ಪಕ್ಕದ ಗೋಡೆಯಲ್ಲಿ ರಕ್ತನಾಳ ತುಂಬಿದ ಒಂದು ಪಟ್ಟಿ ಇದೆ, ಅದು ಹಗಲೂ ರಾತ್ರಿ ಪಂಪ್ ಹೊಡೆದು ಕಟ್ಟೆ ತುಂಬಿಸುತ್ತೆ. ಆ ಪಂಪಿನಿಂದ ಕಟ್ಟೆಗೆ ಪೊಟ್ಯಾಸಿಯಂ ಬಿಡೋ ನಾಲೆಗೆ ಕೆಸಿಎನ್‌ಕ್ಯೂ1 ಅಂತ ಹೆಸರು. ಕಟ್ಟೆಯ ಕೆಳಗೆ ರೋಮಕೋಶ, ಅದರ ನೆತ್ತಿಯ ಮೇಲೆ ರೋಮ, ರೋಮದ ತುದಿಯಲ್ಲಿ ತೂಬು. ಸದ್ದು ಬಂದು ರೋಮ ಬಾಗಿದರೆ ತೂಬು ತೆರೆಯುತ್ತೆ, ಪೊಟ್ಯಾಸಿಯಂ ಮೇಲಿನಿಂದ ಕೆಳಕ್ಕೆ ನುಗ್ಗುತ್ತೆ, ಕೋಶ ಎಚ್ಚೆತ್ತು ನರಕ್ಕೆ ಸುದ್ದಿ ಕೊಡುತ್ತೆ. ಕೋಶದ ಬುಡದಲ್ಲಿ ಇನ್ನೊಂದಿಷ್ಟು ನಾಲೆಗಳು, ಮುಖ್ಯವಾಗಿ ಹೊರಸಾಲಿನಲ್ಲಿ ಕೆಸಿಎನ್‌ಕ್ಯೂ4. ಇವು ಬಸಿಗಾಲುವೆ ಇದ್ದ ಹಾಗೆ. ಒಳಬಂದ ಪೊಟ್ಯಾಸಿಯಂ ಇಲ್ಲಿಂದ ಹೊರಕ್ಕೆ. ಹೊರಬಂದಿದ್ದು ಅಕ್ಕಪಕ್ಕದ ಕೋಶಗಳ ಮೂಲಕ ಕೈಯಿಂದ ಕೈಗೆ ದಾಟಿ ಮತ್ತೆ ಪಂಪಿನ ಬಳಿಗೆ ಸೇರುತ್ತೆ. ಆ ಕೈ ದಾಟಿಸೋ ಕಿಂಡಿಗಳ ಹೆಸರು ಕನೆಕ್ಸಿನ್. ನೀವು ಈ ಸಾಲು ಓದುವಷ್ಟರಲ್ಲಿ ಹೊರಗೆ ಹಾರ್ನ್ ಹೊಡೆದವನ ಸದ್ದು ನಿಮಗೆ ಕೇಳಿದ್ದೇ ಹೀಗೆ.

ಇಷ್ಟು ಓದಿ ಯಾರಾದರೂ ಬಾಳೆಹಣ್ಣು, ಎಳನೀರು ಜಾಸ್ತಿ ಮಾಡಿದರೆ ಕಿವಿ ಚುರುಕಾಗುತ್ತೆ ಅಂತ ವಾಟ್ಸಾಪ್ ಫಾರ್ವರ್ಡ್ ಮಾಡೀರ, ಜೋಕೆ. ಕಟ್ಟೆ ತುಂಬಿಸೋದು ಊಟದ ತಟ್ಟೆ ಅಲ್ಲ, ಪಂಪು ಮತ್ತು ನಾಲೆ. ಗದ್ದೆಗೆ ಪೊಟ್ಯಾಷ್ ಚೆಲ್ಲಿದ ಹಾಗೆ ಕಿವಿಗೆ ಚೆಲ್ಲೋಕಾಗಲ್ಲ.

ಈಗ ಕ್ವಿನೈನಿಗೆ ಬನ್ನಿ. ಅದು ಪೊಟ್ಯಾಸಿಯಂ ನಾಲೆಗಳಿಗೆ ಅಡ್ಡ ಕೂರೋ ಪದಾರ್ಥ. 1990ರ ದಶಕದಲ್ಲಿ ಗಿನಿಯಿಲಿಯ ಹೊರಸಾಲಿನ ರೋಮಕೋಶಗಳನ್ನು ಒಂದೊಂದಾಗಿ ಬಿಡಿಸಿಟ್ಟು ಕ್ವಿನೈನ್ ಹಾಕಿ ನೋಡಿದಾಗ, ಕೋಶದಿಂದ ಹೊರಹೋಗೋ ಪೊಟ್ಯಾಸಿಯಂ ಹರಿವು ತಗ್ಗಿತು. ಗುಂಯ್ ಅನ್ನೋದಕ್ಕೆ ಇದೊಂದೇ ಕಾರಣ ಅಂತಲ್ಲ. ಕ್ವಿನೈನ್ ಆ ಕೋಶಗಳ ಕುಣಿತವನ್ನೂ ಕೆಡಿಸುತ್ತೆ. ಆದರೂ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತೆ. ಊರಿಗೆ ನಾಲೆ ಬಂತು, ನಾಲೆಯಿಂದ ಜ್ವರ ಬಂತು, ಜ್ವರಕ್ಕೆ ನುಂಗಿದ ಮಾತ್ರೆ ಹೋಗಿ ಕಿವಿಯ ನಾಲೆಗೆ ಅಡ್ಡಗಟ್ಟೆ ಹಾಕಿತು. ತಾತನ ಜೀರುಂಡೆಯ ವಂಶಾವಳಿ ಇಷ್ಟು.

ಪಟ್ಟಣದ ಕಿವಿಗಳನ್ನು ಕೆಡಿಸಿದ್ದು ಮದ್ದೊಂದೇ ಅಲ್ಲ, ತುಪಾಕಿ, ಫಿರಂಗಿ, ರಾಕೆಟ್ಟು ಕೂಡ. ಆ ಲೆಕ್ಕ ಬರೆದಿಟ್ಟವರಿಲ್ಲ. ಗೆದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯ ಎಡಗಿವಿ ಮಾತ್ರ ದಾಖಲೆಯಲ್ಲಿದೆ. ಅವನು ವೆಲ್ಲಿಂಗ್ಟನ್ ಡ್ಯೂಕ್ ಆದ ಮೇಲೆ, 1822ರಲ್ಲಿ, ಡಾಕ್ಟರು ಮಾಡಿದ ಕಿವಿ ಚಿಕಿತ್ಸೆಯಿಂದಲೇ ಆ ಕಡೆ ಪೂರ್ತಿ ಕಿವುಡನಾದ. ಟಿಪ್ಪುವಿನ ರಾಕೆಟ್ಟಿಗೆ ಆಗದ್ದು ಲಂಡನ್ ಡಾಕ್ಟರಿಗೆ ಆಯಿತು.

ಮದ್ದು ತಡೆದ ನಾಲೆ ಮದ್ದು ಬಿಟ್ಟರೆ ತೆರೆಯುತ್ತೆ. ಹುಟ್ಟುವಾಗಲೇ ಮುಚ್ಚಿದ್ದರೆ?

1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು, ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್, ಒಂದು ಕುಟುಂಬದ ಬಗ್ಗೆ ಬರೆದರು. ತಂದೆ ತಾಯಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು. ಆ ನಾಲ್ವರೂ ಆಗಾಗ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಮೂವರು ಹತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ವಿಪರೀತ ಉದ್ದವಿತ್ತು. ಕಿವಿಗೂ ಹೃದಯಕ್ಕೂ ಏನು ಸಂಬಂಧ? ಉತ್ತರ ಸಿಕ್ಕಿದ್ದು 1997ರಲ್ಲಿ. ಕಿವಿಯ ಕಟ್ಟೆಗೆ ಪೊಟ್ಯಾಸಿಯಂ ಬಿಡೋ ಅದೇ ಕೆಸಿಎನ್‌ಕ್ಯೂ1 ನಾಲೆ ಹೃದಯದಲ್ಲೂ ಇದೆ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ಸುಧಾರಿಸಿಕೊಳ್ಳೋಕೆ ಅದು ಬೇಕು. ಇಲ್ಲೂ ಸಿಂಕೋನಾ ತೊಗಟೆ ಬಂದು ಕೂರುತ್ತೆ ನೋಡಿ. ಕ್ವಿನೈನಿನ ಅವಳಿಯಂಥ ಕ್ವಿನಿಡಿನ್ ಅದೇ ತೊಗಟೆಯಲ್ಲಿದೆ, 1918ರಿಂದ ಹೃದಯದ ತಾಳ ಸರಿಪಡಿಸೋಕೆ ಬಳಸಿದರು. ಹೃದಯದ ಪೊಟ್ಯಾಸಿಯಂ ನಾಲೆಗಳಿಗೆ ಅದು ಅಡ್ಡ ಬಂದು ಇದೇ ಕ್ಯೂಟಿಯನ್ನು ಉದ್ದ ಮಾಡುತ್ತೆ, ಕೆಲವರನ್ನು ಇದೇ ರೀತಿ ಬೀಳಿಸುತ್ತೆ.

ಯೆರ್ವೆಲ್ ಕಾಯಿಲೆ ಬಹಳ ಅಪರೂಪ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬರುತ್ತೆ. ಆದರೆ ಅಪರೂಪದ ಕೆಟ್ಟ ಪ್ರತಿಗಳು ಜೋಡಿಯಾಗೋಕೆ ನಮ್ಮ ಸೀಮೆಯಲ್ಲಿ ಒಂದು ಸುಲಭದ ದಾರಿ ಇದೆ: ಅಕ್ಕನ ಮಗಳನ್ನು ಮದುವೆಯಾಗೋದು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮತ್ತು ಇಂಗ್ಲೆಂಡಿನಿಂದ ಬಂದ ಅಲನ್ ಬಿಟ್ಟಲ್ಸ್ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ಕೇಳಿ ಲೆಕ್ಕ ಹಾಕಿದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು, ಅದರಲ್ಲಿ ದೊಡ್ಡ ಪಾಲು ಸೋದರಮಾವನ ಜೊತೆ. ಸೋದರಮಾವನಿಗೆ ಹುಟ್ಟಿದ ಮಗುವಿನಲ್ಲಿ ಯಾವುದೇ ಒಂದು ಜೀನ್‌ನ ಎರಡೂ ಪ್ರತಿ ಒಬ್ಬನೇ ಹಿರೀಕನಿಂದ ಬಂದಿರೋ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳ ಜೋಡಿಗೆ ಹದಿನಾರರಲ್ಲಿ ಒಂದು.

ನಮ್ಮ ಸೋದರತ್ತೆಯನ್ನು ಕೊಟ್ಟಿದ್ದು ನಾಗಮಂಗಲಕ್ಕೆ, ಅಜ್ಜಿಯ ಸ್ವಂತ ತಮ್ಮನಿಗೆ. ಮೂರು ಮಕ್ಕಳಲ್ಲಿ ಇಬ್ಬರಿಗೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಅತ್ತೆ ಈಳಿಗೆಮಣೆ ಮುಟ್ಟಿದ್ದಳು ಅಂತ ಊರು ತೀರ್ಪು ಕೊಟ್ಟಿತು. ಎಲ್ಲರಿಗಿಂತ ಜೋರಾಗಿ ಬೈದವಳು ಅವಳ ಅತ್ತೆ. ಸಂಬಂಧದ ಲೆಕ್ಕ ಹಾಕಿ ನೋಡಿ: ಆ ಅತ್ತೆ ಬೇರೆ ಯಾರೂ ಅಲ್ಲ, ಇವಳ ತಾಯಿಯನ್ನೂ ಗಂಡನನ್ನೂ ಹೆತ್ತವಳು, ಸ್ವಂತ ಅಜ್ಜಿ. ಇಪ್ಪತ್ತು ವರ್ಷ ಒಂದೇ ಅಟ್ಟದ ಕೆಳಗೆ ಆ ಮಾತು ಕೇಳಿಕೊಂಡೇ ಬಾಳಿದಳು.

ಎರಡು ವರ್ಷದ ಹಿಂದೆ ಆ ಮಕ್ಕಳಲ್ಲಿ ದೊಡ್ಡವಳ ಮಗಳಿಗೆ ಗಂಡು ನೋಡೋ ಮಾತು ಬಂತು. ಹುಡುಗಿಗೆ ಕಿವಿ ಚೆನ್ನಾಗಿಯೇ ಕೇಳುತ್ತೆ, ಬೆಂಗಳೂರಲ್ಲಿ ಕೆಲಸ. ಗಂಡು ಮತ್ತೆ ಸಂಬಂಧದಲ್ಲೇ! ಮೊದಲು ಅವಳ ತಾಯಿಗೂ ಮಾವನಿಗೂ ಇಸಿಜಿ ಮಾಡಿಸಿ ಅಂತ ನಾನು ಹಟ ಹಿಡಿದೆ. ಐವತ್ತರ ಹತ್ತಿರ ಬಂದಿದ್ದರೂ ಅವರಿಬ್ಬರ ಹೃದಯವನ್ನು ಯಾರೂ ಒಮ್ಮೆಯೂ ನೋಡಿರಲಿಲ್ಲ. ಇಸಿಜಿ ಸರಿಯಾಗಿತ್ತು. ಆಮೇಲೆ ಜೀನ್ ಪರೀಕ್ಷೆ. ಕೆಟ್ಟಿದ್ದು ಕನೆಕ್ಸಿನ್ 26, ಪೊಟ್ಯಾಸಿಯಂ ಕೈ ದಾಟಿಸೋ ಆ ಕಿಂಡಿ. ಹುಟ್ಟುಕಿವುಡಿಗೆ ಈ ದೇಶದಲ್ಲಿ ಹೆಚ್ಚಾಗಿ ಕಾಣೋ ಜೀನ್ ದೋಷಗಳಲ್ಲಿ ಒಂದು. ಹುಡುಗಿಯಲ್ಲಿ ಒಂದು ಕೆಟ್ಟ ಪ್ರತಿ ಇದ್ದೇ ಇದೆ. ಗಂಡಿನಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರ ಅಪಾಯ. ಗಂಡಿನ ಮನೆಯವರು ಪರೀಕ್ಷೆಗೆ ಒಪ್ಪಲಿಲ್ಲ, ಮಾತು ಅಲ್ಲಿಗೇ ಮುರಿಯಿತು. ಅತ್ತೆಗೆ ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಿದೆ. ಕೆಟ್ಟ ಪ್ರತಿ ಅವಳಿಗೂ ಗಂಡನಿಗೂ ಬಂದಿದ್ದು ಮೇಲಿನ ಒಂದೇ ಜೋಡಿಯಿಂದ, ಬೈದ ಅಜ್ಜಿಯಿಂದಲೋ ಅಜ್ಜನಿಂದಲೋ. ಬಹಳ ಹೊತ್ತು ಕಾಗದ ನೋಡಿದಳು. "ಹಂಗಾರೆ ಗ್ರಾಣ ಅಲ್ವಾ?" ಅಂದಳು. ಆಮೇಲೆ, "ನಮ್ಮಜ್ಜಿ ಬದುಕಿದ್ದಿದ್ರೆ ತೋರುಸ್ಬೌದಾಗಿತ್ತು."

ಅತ್ತೆಯ ಮಕ್ಕಳಿಗೆ ಕಿವಿ ಕೇಳಲ್ಲ ಅಂತ ಮನೆಯವರಿಗೆ ಗೊತ್ತಾಗಿದ್ದು ಎರಡು ವರ್ಷ ತುಂಬಿದ ಮೇಲೆ, ಮಾತು ಬರಲಿಲ್ಲ ಅಂತ. ಆಗಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇತ್ತು. 1966ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು ರಾಷ್ಟ್ರಪತಿ ರಾಧಾಕೃಷ್ಣನ್, ಹಿಂದೆ ಅದೇ ಮೈಸೂರಲ್ಲಿ ಪಾಠ ಹೇಳಿದ್ದವರು. ನಾಟಕಕಾರ ನ. ರತ್ನ ನಿರ್ದೇಶಕರಾಗಿದ್ದೂ ಅಲ್ಲೇ. ನಾಗಮಂಗಲದ ಹಳ್ಳಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನ, ಯಾರೂ ಹೋಗಲಿಲ್ಲ. ಈಗ ಆ ಸಂಸ್ಥೆಯ ಒಂದು ಶಾಖೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೇ ಬಂದಿದೆ, ಹೇಮಾವತಿಯ ದಡಕ್ಕೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಮೆಡಿಕಲ್ ಕಾಲೇಜಿದೆ. ಹುಟ್ಟಿ ಎರಡು ಮೂರು ದಿನದ ಕೂಸನ್ನೂ ಪರೀಕ್ಷೆ ಮಾಡಬಹುದು. ಆ ಪರೀಕ್ಷೆಯ ಹುಟ್ಟೂ ಚೆನ್ನಾಗಿದೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್, ಕಿವಿಗೆ ಸದ್ದು ಕೊಟ್ಟರೆ ಕಿವಿ ತಿರುಗಿ ಒಂದು ಸಣ್ಣ ಸದ್ದು ಮಾಡುತ್ತೆ ಅಂತ ತೋರಿಸಿದ. ಸದ್ದು ಮಾಡೋದು ಹೊರಸಾಲಿನ ರೋಮಕೋಶಗಳ ಕುಣಿತ, ಕುಣಿಸೋದು ಅದೇ ಪೊಟ್ಯಾಸಿಯಂ ಕಟ್ಟೆ. ನಿದ್ದೆ ಮಾಡ್ತಿರೋ ಕೂಸಿನ ಕಿವಿಗೆ ಪುಟ್ಟ ಮೈಕ್ ಇಟ್ಟು ಟಕ್ ಟಕ್ ಅಂತ ಸದ್ದು ಬಿಟ್ಟು ಕಾಯ್ತಾರೆ. ಕೆಲವೇ ನಿಮಿಷ. ಒಳಗಿನಿಂದ ಉತ್ತರ ಬಂದರೆ ಮನೆಗೆ ಕಳಿಸ್ತಾರೆ. ಬರದಿದ್ದರೆ ಮತ್ತೊಂದು ದಿನ ಕರೆದು ಮತ್ತೆ ನೋಡ್ತಾರೆ, ಆಗಲೂ ಬರದಿದ್ದರೆ ಮುಂದಿನ ಪರೀಕ್ಷೆಗಳಿಗೆ ಕಳಿಸ್ತಾರೆ. ಕಿವುಡು ಅಂತ ಖಾತ್ರಿಯಾದ ಮಗುವಿಗೆ ಆವತ್ತೇ ಒಂದು ಇಸಿಜಿಯನ್ನೂ ಕೇಳಿ ಮಾಡಿಸಿ. ಇಸಿಜಿಯ ಖರ್ಚು, ನಿಮ್ಮ ವೀಕೆಂಡ್ ಮೈಸೂರು ಟ್ರಿಪ್ಪಿನಲ್ಲಿ ಎಕ್ಸ್‌ಪ್ರೆಸ್‌ವೇ ಟೋಲಿಗೆ ಕೊಡೋ ದುಡ್ಡಿನ ಆಸುಪಾಸಿನಲ್ಲೇ ಇರುತ್ತೆ.